ಆಚೆ ತುದಿಯ ಕೈ

ಮೂಲೆಯಣ್ಣನಿಗೆ ಆ ಹೆಸರು ಬಂದದ್ದು ಅವನು ಮೂಲೆಯಲ್ಲಿ ನಿಂತು ಕೆಲಸ ಮಾಡುತ್ತಾನೆಂದು. ಅಷ್ಟೇ, ಅದರ ಹಿಂದೆ ಕಥೆ ಗಿಥೆ ಏನೂ ಇಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ಅಕ್ಕ ಒಬ್ಬಳೇ. ಅಕ್ಕ ತೀರಿಕೊಂಡ ಮೇಲೆ ಆ ಹೆಸರಿಗೆ ಕೆಲಸವೇ ಇಲ್ಲದಂತಾಯಿತು.

ಅವನು ಕೆಲಸ ಮಾಡುತ್ತಿದ್ದದ್ದು ಒಂದು ಮೆಷಿನ್ ಶಾಪಿನಲ್ಲಿ. ಮೊದಲು ಅಲ್ಲಿ ಎರಡು ಶೆಡ್ಡುಗಳಿದ್ದವು, ನಡುವಿನ ಗೋಡೆ ಕೆಡವಿ ಒಂದು ಮಾಡಿದ್ದರು. ಗೋಡೆ ಬಿದ್ದರೂ ಎರಡು ಕಡೆಯವರಿಗೆ ಬಳಕೆ ಬೆಳೆಯಲಿಲ್ಲ. ಈಚೆಯವರು ಮುಂಬಾಗಿಲಿಂದ ಬಂದು ಹೋಗುವವರು, ಆಚೆಯವರು ಹಿಂಬಾಗಿಲಿಂದ. ಟೀ ಕುಡಿಯುವ ಕೋಣೆ ಚಿಕ್ಕದು, ಇವರು ಕುಡಿದು ಎದ್ದ ಮೇಲೆ ಅವರು ಬಂದು ಕೂರಬೇಕು. ಇನ್ನು ಮೆಷಿನ್‌ಗಳ ಸದ್ದಿನಲ್ಲಿ ಪಕ್ಕದವನ ಜೊತೆ ಮಾತಾಡುವುದಕ್ಕೇ ಗಂಟಲು ಹರಿದುಕೊಳ್ಳಬೇಕು, ಆಚೆಯವರ ಮಾತು ದೂರ ಉಳಿಯಿತು. ಈಚೆ ಸಾಲಿನ ಕಟ್ಟಕಡೆಯ ಮೂಲೆಯಲ್ಲಿ ಮೂಲೆಯಣ್ಣನ ಗ್ರೈಂಡಿಂಗ್ ಮೆಷಿನ್ ಇತ್ತು. ಅದರ ಹಿಂದೆ ಗೋಡೆ, ಗೋಡೆಯ ಮೇಲೆ ಗಾಳಿ ಹೊರಗೆ ತಳ್ಳುವ ದೊಡ್ಡ ಫ್ಯಾನು.

ಉಕ್ಕಿನ ಶಾಫ್ಟುಗಳನ್ನು, ಅಂದರೆ ದುಂಡು ಸರಳುಗಳನ್ನು, ತಿರುಗುವ ಸಾಣೆ ಕಲ್ಲಿಗೆ ಒಡ್ಡಿ ನುಣುಪು ಮಾಡುವುದು ಅವನ ಕೆಲಸ. ಕಲ್ಲು ತಾಗಿದ ಕಡೆ ಉಕ್ಕು ಕಾದು ಕೆಂಡವಾಗದ ಹಾಗೆ ಮೇಲಿಂದ ಒಂದೇ ಸಮನೆ ಕೂಲೆಂಟ್ ಸುರಿಯುತ್ತಿರಬೇಕು. ಕೂಲೆಂಟ್ ಅಂದರೆ ನೀರಿಗೆ ಎಣ್ಣೆ ಕಲಸಿದ್ದು, ನೋಡುವುದಕ್ಕೆ ಹಾಲಿನ ಹಾಗೆ. ಕುಡಿದರೆ ಮಾತ್ರ ಗತಿ ಗೋವಿಂದ. ಅದು ತಿರುಗುವ ಕಲ್ಲಿಗೆ ಬಡಿದು ಚೂರುಚೂರಾಗಿ ಮಂಜಿನ ಹಾಗೆ ಎದ್ದು ಗಾಳಿಯಲ್ಲಿ ನಿಂತುಬಿಡುತ್ತದೆ, ಕೆಳಗೆ ಬೀಳುವುದೇ ಇಲ್ಲ. ಅಲ್ಲಿಯವರು ಅದನ್ನು ಹೊಗೆ ಅನ್ನುತ್ತಿದ್ದರು. ದೀಪದ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ ಎಲ್ಲ ಅದರದೇ ಜಿಡ್ಡು. ಭಾನುವಾರವಿಡೀ ತೊಟ್ಟಿಯಲ್ಲಿ ನಿಂತ ಕೂಲೆಂಟ್ ಸೋಮವಾರ ಬೆಳಿಗ್ಗೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಎರಡೂ ಶೆಡ್ಡಿನ ಹೊಗೆಯನ್ನು ಆ ಫ್ಯಾನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದುದರಿಂದ ಅಷ್ಟೂ ಹೊಗೆ ಹೊರಗೆ ಹೋಗುವ ಮೊದಲು ಮೂಲೆಯಣ್ಣನ ಮುಖಕ್ಕೆ ಒಂದು ಸಲ ಸವರಿಕೊಂಡೇ ಹೋಗುತ್ತಿತ್ತು. ಅವನ ಕೆಮ್ಮು ಶಾಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಮೆಷಿನ್ ನಿಂತಿರುವಾಗ ಕೆಮ್ಮು ಕೇಳಿದರೆ, ಮೂಲೆಯಣ್ಣ ಬಂದ, ಇನ್ನು ಕೆಲಸ ಶುರು ಮಾಡೋಣ ಅಂತ ಹುಡುಗರು ತಮಾಷೆ ಮಾಡುತ್ತಿದ್ದರು.

ಅವನನ್ನು ಈ ಕೆಲಸಕ್ಕೆ ಸೇರಿಸಿದವನು ಭಾವ. ಭಾವ ಬೇಗ ಹೋದ, ಮಕ್ಕಳಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಒಬ್ಬ ಟೈಲರಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಜೊತೆಗೇ ಬದುಕಿದರು. ತಮ್ಮನ ಮದುವೆ ಮಾತು ಒಂದೆರಡು ಸಲ ಎದ್ದು, ಒಂದೆರಡು ಸಲ ಮಲಗಿ, ಆಮೇಲೆ ಮಲಗಿದ್ದು ಮಲಗಿಯೇ ಬಿಟ್ಟಿತು. ಅಕ್ಕನಿಗೆ ಕೂಲೆಂಟಿನ ವಾಸನೆ ಕಂಡರಾಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ಸಾಕು, ಒಳಗಿನಿಂದಲೇ ಕೂಗು.

"ಅಂಗಿ ಹೊರಗೆ! ಹೊರಗೆ ಬಿಚ್ಚಿ ಒಳಗೆ ಬಾ. ಇದೇನು ಮನೆಯೋ ವರ್ಕ್‌ಶಾಪೋ?"

ಬಾಗಿಲ ಪಕ್ಕ ಒಂದು ಮೊಳೆ ಹೊಡೆದಿದ್ದಳು. ಅವನು ಅಂಗಿ ಬಿಚ್ಚಿ ಅದಕ್ಕೆ ನೇತುಹಾಕಿ, ಬನಿಯನ್ನಿನಲ್ಲಿ ಒಳಗೆ ಹೋಗುವನು. ಅವಳು ಸತ್ತ ಮೇಲೂ ಅವನು ಅದನ್ನು ಬಿಡಲಿಲ್ಲ. ಒಳಗಿನಿಂದ ಕೂಗುವವರಿಲ್ಲ, ಆದರೂ ಬಾಗಿಲ ಹೊರಗೆ ನಿಂತು, ಚಳಿಯಿರಲಿ ಬಿಸಿಲಿರಲಿ, ಅಂಗಿ ಬಿಚ್ಚುತ್ತಿದ್ದ. ಕೆಳಗಿನ ಟೈಲರ್ ಒಂದು ಸಲ, "ಏನ್ ಸ್ವಾಮಿ, ಮೆಟ್ಟಿಲ ಮೇಲೇ ಸ್ನಾನಾನಾ?" ಅಂತ ಕೇಳಿದ್ದಕ್ಕೆ ನಕ್ಕು ಬಾಗಿಲು ತೆಗೆದು ಒಳಗೆ ಹೋದ.

ಆಚೆ ತುದಿಯ ಕೈ ಅವನ ಕಣ್ಣಿಗೆ ಬಿದ್ದದ್ದು ಅಕ್ಕ ಹೋದ ವರ್ಷವೇ. ಬೆಳಗಿನ ಪಾಳಿ ಶುರುವಾಗುವ ಹೊತ್ತು. ಆಚೆ ಶೆಡ್ಡಿನ ತುದಿಗೆ, ಎತ್ತರದಲ್ಲಿ ಒಂದು ಕಿಟಕಿಯಿತ್ತು. ಬಿಸಿಲು ಅಲ್ಲಿಂದ ಇಳಿದು ಹೊಗೆಯನ್ನೆಲ್ಲ ಬೆಳ್ಳಗೆ ಮಾಡುತ್ತಿತ್ತು. ಆ ಬೆಳಕಿನಲ್ಲಿ, ಕೊನೆಯ ಲೇತಿನ ಮುಂದೆ, ಕಪ್ಪಗೆ ಒಂದು ಆಕೃತಿ. ಮುಖ ಕಾಣದು, ಬಟ್ಟೆಯ ಬಣ್ಣ ಕಾಣದು. ಮೂಲೆಯಣ್ಣ ಮೆಷಿನ್ ಆನ್ ಮಾಡಿ ತಲೆ ಎತ್ತಿದ. ಆ ಆಕೃತಿ ಕೈ ಎತ್ತಿ ಆಚೆಗೊಂದು ಸಲ ಈಚೆಗೊಂದು ಸಲ ಆಡಿಸಿತು. ಇವನು ಹಿಂತಿರುಗಿ ನೋಡಿದ, ಯಾರಿಗೆ ಅಂತ. ಹಿಂದೆ ಗೋಡೆ, ಫ್ಯಾನು. ಬೇರೆ ಯಾರೂ ಇಲ್ಲ. ಹಾಗಾದರೆ ತನಗೇ.

ಮೂಲೆಯಣ್ಣನೂ ಕೈ ಎತ್ತಿದ.

ಮರುದಿನವೂ ಆ ಕೈ ಎದ್ದಿತು. ಅದರ ಮರುದಿನವೂ. ಇವನೂ ಎತ್ತಿದ. ಸೂಪರ್‌ವೈಸರ್ ಒಮ್ಮೆ ಡ್ರಾಯಿಂಗ್ ತೋರಿಸಲು ಬಂದಾಗ, ಮೂಲೆಯಣ್ಣ ಬೇರೇನೋ ಕೇಳುವವನ ಹಾಗೆ, "ಆ ಕೊನೇ ಲೇತ್ ಯಾರದು?" ಅಂತ ಕೇಳಿದ.

"ಅದಾ? ಟೀಚರಮ್ಮಂದು. ಪಾಠ ಹೇಳ್ತಿದ್ರು ಅಂತಲ್ಲ ಮಾರಾಯ, ಎಲ್ಲರಿಗೂ ಬಯ್ತಾರಲ್ಲ, ಅದಕ್ಕೇ ಆ ಹೆಸರು. ಅವರ ಬಾಯಿಗೆ ಸಿಕ್ಕಿದ್ರೆ ಮುಗೀತು, ನನಗೂ ಬಿಡಲ್ಲ."

ಅಂಥ ಗಟ್ಟಿಗಿತ್ತಿ ದಿನಾ ಬೆಳಿಗ್ಗೆ ತನಗೆ ಕೈ ಎತ್ತುತ್ತಾಳೆ ಅಂತ ಮೂಲೆಯಣ್ಣನಿಗೆ ಒಳಗೊಳಗೇ ಹಿಗ್ಗು. ಹೋಗಿ ಮಾತಾಡಿಸುವುದಕ್ಕೆ ಇವನಿಗೇನು ಧಾಡಿ ಬಂದಿತ್ತು ಅಂತ ನೀವು ಕೇಳಬಹುದು. ಕೇಳಿ, ನಾನೂ ಕೇಳುತ್ತೇನೆ. ಶೆಡ್ಡೇನು ಸಮುದ್ರವೇ ದಾಟಲಾರದ್ದಕ್ಕೆ? ಆದರೆ ಒಂಟಿಯಾಗಿ ಇದ್ದು ಇದ್ದು ಅಭ್ಯಾಸವಾದವರ ಬುದ್ಧಿಯೇ ಹೀಗೆ. ಹೋಗಿ ಮಾತಾಡಿಸಿದರೆ ಇರುವುದೂ ಎಲ್ಲಿ ಕೈ ಬಿಟ್ಟುಹೋಗುತ್ತದೋ ಅನ್ನುವ ಹೆದರಿಕೆ. ಹೀಗೇ ವರ್ಷಗಳು ಉರುಳಿದವು. ಇಡೀ ದಿನದಲ್ಲಿ ಇನ್ನೊಂದು ಜೀವ ಅವನನ್ನು ನೋಡಿ, ನೀನು ಬಂದೆಯಾ ಅಂತ ಕೇಳಿದ ಹಾಗೆ ಇದ್ದದ್ದು ಅದೊಂದೇ ಗಳಿಗೆ. ಜ್ವರ ಬಂದರೂ ರಜೆ ಹಾಕದೆ ಬರುತ್ತಿದ್ದ. ಆಚೆಯವಳು ತನ್ನನ್ನು ಕಾಣದೆ ಗಾಬರಿಯಾದಾಳು ಅನ್ನುವ ಲೆಕ್ಕ ಅವನದು.

ಇಷ್ಟರಲ್ಲಿ ಶಾಪಿನ ಗಾಳಿ ಅಳೆಯುವುದಕ್ಕೆ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಂಗೈ ಅಗಲದ ಪಂಪುಗಳು. ಅದನ್ನು ಕೆಲಸಗಾರರ ಬೆಲ್ಟಿಗೆ ಸಿಕ್ಕಿಸಿ, ಅದರ ನಳಿಗೆಯನ್ನು ಕಾಲರಿಗೆ ಕಚ್ಚಿಸುತ್ತಿದ್ದಳು. ನಾವು ಉಸಿರಾಡುವ ಗಾಳಿಯನ್ನೇ ಅದೂ ಎಳೆದುಕೊಂಡು, ಅದರಲ್ಲಿರುವ ಜಿಡ್ಡನ್ನು ಒಂದು ಬಿಳಿ ಬಿಲ್ಲೆಯ ಮೇಲೆ ಹಿಡಿದಿಡುತ್ತದಂತೆ.

"ಅಂಕಲ್, ಇವತ್ತು ಇಡೀ ದಿನ ಇದು ನಿಮ್ಮ ಜೊತೇಲೇ ಇರುತ್ತೆ, ತೆಗೀಬೇಡಿ," ಅಂದಳು, ಅವನ ಕಾಲರನ್ನು ನೇರ ಮಾಡುತ್ತ.

ಅವನ ಕಾಲರನ್ನು ಯಾರಾದರೂ ನೇರ ಮಾಡಿ ಎಷ್ಟು ಕಾಲವಾಗಿತ್ತೋ. ಇಡೀ ದಿನ ಕತ್ತು ಹೆಚ್ಚು ಆಡಿಸದೆ ಕೆಲಸ ಮಾಡಿದ. ಸೊಂಟದ ಹತ್ತಿರ ಪಂಪು ಗುಂಯ್ ಅನ್ನುತ್ತಿತ್ತು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಊಟ ಮಾಡ್ತೀಯೇನೋ?" ಅಂತ ಅದನ್ನೂ ಕೇಳಿದ. ನಗಬೇಡಿ. ಸಾಯಂಕಾಲ ಹುಡುಗಿ ಬಂದು ಪಂಪು ಬಿಚ್ಚಿಕೊಂಡು ಬಿಲ್ಲೆ ತೆಗೆದು ನೋಡಿದಳು. ಮಿಕ್ಕವರದು ಕಂದು ಬಣ್ಣಕ್ಕೆ ತಿರುಗಿದ್ದರೆ ಇವನದು ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು.

"ಅಯ್ಯೋ ಅಂಕಲ್, ಈ ಮೂಲೇಲಿ ನೀವು ಹೇಗೆ ಬದುಕಿದೀರ?" ಅಂದಳು. ತಮಾಷೆಗೆ ಕೇಳಿದ್ದಲ್ಲ.

ಕೆಲವು ತಿಂಗಳ ಮೇಲೆ ಶಾಪಿಗೆ ತಗಡಿನ ಕೆಲಸದವರು ಬಂದರು. ಒಂದೊಂದು ಮೆಷಿನ್ನಿಗೂ ತಗಡಿನ ಹೊದಿಕೆ, ಹೊದಿಕೆಯ ಮೇಲಿಂದ ಪೈಪು, ಎಲ್ಲ ಪೈಪುಗಳೂ ಹೋಗಿ ಸೇರುವುದು ಒಂದು ದೊಡ್ಡ ಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ಒಂದರ ಹಿಂದೊಂದು ಫಿಲ್ಟರುಗಳು. ಹೊಗೆ ಏಳುವ ಜಾಗದಲ್ಲೇ ಅದನ್ನು ಹೀರಿಕೊಂಡು, ಎಣ್ಣೆಯನ್ನು ಕೆಳಗಿನ ಡಬ್ಬಕ್ಕೆ ಇಳಿಸಿ, ಚೊಕ್ಕ ಗಾಳಿಯನ್ನು ಹೊರಗೆ ಬಿಡುತ್ತದೆ. ಪೆಟ್ಟಿಗೆ ಇಟ್ಟದ್ದು ಮೂಲೆಯಣ್ಣನ ಪಕ್ಕದಲ್ಲೇ. ಹಾಗಾಗಿ ಅದನ್ನು ನೋಡಿಕೊಳ್ಳುವ ಕೆಲಸವೂ ಅವನ ಕುತ್ತಿಗೆಗೇ ಬಿತ್ತು. ಡಬ್ಬ ತುಂಬಿದರೆ ಖಾಲಿ ಮಾಡಬೇಕು, ಫಿಲ್ಟರ್ ಕಟ್ಟಿಕೊಂಡರೆ ಪೆಟ್ಟಿಗೆಯ ಮೇಲಿನ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ಹೋಗುತ್ತದೆ, ಆಗ ಬದಲಾಯಿಸಬೇಕು. ಪೆಟ್ಟಿಗೆಯ ಪಕ್ಕದಲ್ಲಿ ಒಂದೊಂದು ಪೈಪಿಗೂ ಒಂದೊಂದು ತಗಡಿನ ಹಲಗೆ. ಹಿಡಿ ಹಿಡಿದು ಎಳೆದರೆ ಪೈಪು ತೆರೆದುಕೊಳ್ಳುತ್ತದೆ, ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಯಾವುದು ಯಾರ ಮೆಷಿನ್ನಿನದು ಅಂತ ಬಣ್ಣದಲ್ಲಿ ಬರೆದಿದ್ದರು. ಎಲ್ಲ ತೆರೆದೇ ಇರಬೇಕು, ರಿಪೇರಿ ಇದ್ದಾಗ ಮಾತ್ರ ಮುಚ್ಚಬೇಕು ಅಂತ ತಗಡಿನವರು ಹೇಳಿ ಹೋದರು.

ಶಾಪಿಗೆ ಮುಖ ತೊಳೆದ ಹಾಗಾಯಿತು. ಈ ತುದಿಯಿಂದ ಆ ತುದಿಗೆ ಎಲ್ಲ ಕಾಣತೊಡಗಿತು. ಗೋಡೆಗೆ ಹಸಿರು ಬಣ್ಣ ಬಳಿದಿದ್ದಾರೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಮೂಲೆಯಣ್ಣನ ಕೆಮ್ಮು ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಊಟಕ್ಕೆ ರುಚಿ ಬಂತು. ಒಂದು ಸಾಯಂಕಾಲ ಮೆಟ್ಟಿಲು ಹತ್ತಿ ಅಂಗಿ ಬಿಚ್ಚಿ ಮೊಳೆಗೆ ಹಾಕುವ ಮೊದಲು ಮೂಗಿಗೆ ಹಿಡಿದು ನೋಡಿದ. ಬೆವರು ಬಿಟ್ಟರೆ ಬೇರೆ ವಾಸನೆಯೇ ಇಲ್ಲ. ಇನ್ನು ಅಂಗಿ ಹಾಕಿಕೊಂಡೇ ಒಳಗೆ ಹೋಗಬಹುದಿತ್ತು, ಅಕ್ಕ ಇದ್ದಿದ್ದರೂ ಬೇಡ ಅನ್ನುತ್ತಿರಲಿಲ್ಲ. ಅಕ್ಕನ ಕೂಗಿಗೆ ಕಾರಣವೇ ಇಲ್ಲದಾಯಿತಲ್ಲ ಅನ್ನುವ ಸಂಕಟದಲ್ಲೇ ಅಂಗಿಯನ್ನು ಮೊಳೆಗೆ ಹಾಕಿದ.

ಅದಕ್ಕಿಂತ ದೊಡ್ಡ ಸಂಕಟ ಶಾಪಿನಲ್ಲಿ ಕಾದಿತ್ತು. ಆಚೆ ತುದಿಯ ಕೈ ಏಳಲಿಲ್ಲ.

ಈಗ ಎಲ್ಲ ಕಾಣುತ್ತಿತ್ತಲ್ಲ, ಟೀಚರಮ್ಮನೂ ಕಂಡಳು. ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದ, ಗಿಡ್ಡ ಮೈಕಟ್ಟಿನ ಹೆಂಗಸು. ಬೆಳಿಗ್ಗೆ ಬರುವಳು, ಮೆಷಿನ್ ಆನ್ ಮಾಡುವಳು, ಬಗ್ಗಿ ಕೆಲಸಕ್ಕೆ ತೊಡಗುವಳು. ಮೂಲೆಯಣ್ಣ ಕೈ ಅರ್ಧ ಎತ್ತಿಕೊಂಡು ಕಾಯುವನು. ಊಹೂಂ. ಕೋಪ ಬಂದಿರಬೇಕು ಅಂದುಕೊಂಡ. ಇಷ್ಟು ದಿನ ಹೊಗೆಯಲ್ಲಿ ಕಾಣದ ನನ್ನ ಮುಖ ಈಗ ಕಂಡು ಇಷ್ಟವಾಗಲಿಲ್ಲವೇನೋ ಅಂದುಕೊಂಡ. ಪಾಪ, ಒಂದು ದಿನ ಗಡ್ಡ ನುಣ್ಣಗೆ ಬೋಳಿಸಿಕೊಂಡು ಹೊಸ ಅಂಗಿ ತೊಟ್ಟು ಬಂದ. ಹುಡುಗರು, "ಏನ್ ಮೂಲೆಯಣ್ಣ, ಹೆಣ್ಣು ನೋಡೋಕೆ ಹೋಗ್ತಿದೀಯಾ?" ಅಂತ ಕಾಲೆಳೆದರು. ಆಚೆ ಕೈ ಆಗಲೂ ಏಳಲಿಲ್ಲ.

ವಿಷಯ ಗೊತ್ತಾದದ್ದು ಪೆಟ್ಟಿಗೆಯ ಮೋಟಾರು ಕೆಟ್ಟಾಗ. ಅದು ರಿಪೇರಿಯಾಗಿ ಬರುವ ತನಕ ಹೊಗೆ ಮತ್ತೆ ಎದ್ದಿತು, ಹಿಂದಿನಷ್ಟು ದಟ್ಟವಲ್ಲ, ತೆಳ್ಳಗೆ. ಮರುದಿನ ಬೆಳಿಗ್ಗೆ ಮೆಷಿನ್ ಆನ್ ಮಾಡಿ ತಲೆ ಎತ್ತಿದರೆ, ಆಚೆ ಕೈ ಎದ್ದಿದೆ! ಮೂಲೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ತನ್ನ ಕೈಯನ್ನೂ ಎತ್ತಿದ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದ. ಟೀಚರಮ್ಮನ ಕೈಯಲ್ಲಿ ಒಂದು ಬಟ್ಟೆಯಿತ್ತು. ಮೆಷಿನ್ನಿನ ಮೇಲೆ ತೂಗುವ ದೀಪದ ಗಾಜನ್ನು ಆಚೆಗೊಂದು ಸಲ ಈಚೆಗೊಂದು ಸಲ ಒರೆಸುತ್ತಿದ್ದಳು. ಜಿಡ್ಡು ಕೂತಿತ್ತಲ್ಲ, ಬೆಳಕು ಕಾಣುತ್ತಿರಲಿಲ್ಲ.

ಮೂಲೆಯಣ್ಣ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಹಾಗೇ ತಲೆ ಕೆರೆದುಕೊಂಡ, ಯಾರಾದರೂ ನೋಡಿದರೆ ಅದಕ್ಕೇ ಎತ್ತಿದ್ದು ಅನ್ನಿಸಲಿ ಅಂತ. ಯಾರೂ ನೋಡುತ್ತಿರಲಿಲ್ಲ. ಅಷ್ಟು ವರ್ಷ, ಒಂದು ಬೆಳಿಗ್ಗೆಯೂ ತಪ್ಪದೆ, ಅವನು ದೀಪ ಒರೆಸುವ ಬಟ್ಟೆಗೆ ಕೈ ಎತ್ತಿದ್ದ.

ಮೋಟಾರು ಬಂತು, ಗಾಳಿ ಮತ್ತೆ ಚೊಕ್ಕವಾಯಿತು, ಕೈ ಮತ್ತೆ ಇಳಿಯಿತು. ಬುದ್ಧಿ ಇರುವವನು ಅಲ್ಲಿಗೆ ಬಿಟ್ಟುಬಿಡುತ್ತಿದ್ದ. ಇವನು ಬಿಡಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದೊಂದಕ್ಕೇ. ಅದು ತನಗಲ್ಲ ಅಂತ ಗೊತ್ತಿದ್ದೂ ಗೊತ್ತಿದ್ದೂ ಅವನಿಗೆ ಆ ಕೈ ಬೇಕಾಗಿತ್ತು. ದಿನ ಶುರುವಾಗುವುದಕ್ಕೆ ಅದಿಲ್ಲದೆ ಬೇರೆ ದಾರಿ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ. ಕೊನೇ ಲೇತು ಅಂತ ಬರೆದಿದ್ದ ಹಲಗೆಯ ಹಿಡಿಗೆ ಕೈ ಹಾಕಿದ. ಅತ್ತಿತ್ತ ನೋಡಿದ. ಅರ್ಧಕ್ಕಿಂತ ತುಸು ಹೆಚ್ಚೇ ಒಳಗೆ ತಳ್ಳಿದ.

ಅವಳ ಪೈಪಿನ ಎಳೆತ ಕಡಿಮೆಯಾದಷ್ಟೂ ಉಳಿದ ಪೈಪುಗಳ ಎಳೆತ ಜಾಸ್ತಿಯಾಯಿತು. ಅವನ ಮೂಲೆಯ ಗಾಳಿ ಇನ್ನೂ ಹಗುರವಾಯಿತು. ಮುಳ್ಳು ಒಂದು ಕೂದಲೆಳೆಯಷ್ಟು ಸರಿಯಿತು, ಅದನ್ನು ನೋಡುವವನು ಅವನೊಬ್ಬನೇ. ಆಚೆ ತುದಿಯಲ್ಲಿ ಕೊನೇ ಲೇತಿನ ಸುತ್ತ ಮಾತ್ರ ತೆಳ್ಳಗೆ ಹೊಗೆ ನಿಂತಿತು. ಮರುದಿನ ಬೆಳಿಗ್ಗೆ ಕೈ ಎದ್ದಿತು. ಮೂಲೆಯಣ್ಣನೂ ಎತ್ತಿದ. ಅವತ್ತು ಇಡೀ ದಿನ ಬಾಯೊಳಗೇ ಏನೋ ಗುನುಗುತ್ತಿದ್ದ.

ಹಾಗೆ ಸುಮಾರು ದಿನ ನಡೆಯಿತು. ಆಮೇಲೆ ಒಂದು ಕೆಮ್ಮು ಕೇಳಿಸಿತು. ಊಟದ ಹೊತ್ತಿಗೆ ಮೆಷಿನ್‌ಗಳೆಲ್ಲ ನಿಂತಾಗ, ಆಚೆಯಿಂದ ಗೊಗ್ಗರು ಕೆಮ್ಮು. ಆ ಕೆಮ್ಮಿನ ಗುರುತು ಅವನಿಗಿಂತ ಚೆನ್ನಾಗಿ ಬೇರೆ ಯಾರಿಗಿದ್ದೀತು? ಎದೆಯ ಅಡಿಯಿಂದ ಎದ್ದು, ಅರ್ಧಕ್ಕೆ ನಿಂತು, ಬಂದದ್ದು ಹೊರಗೆ ಬರದೆ ಮತ್ತೆ ಇಳಿಯುವ ಕೆಮ್ಮು. ಡಬ್ಬಿ ಮುಚ್ಚಿ ಎದ್ದು ನಿಂತ. ಹಲಗೆಯ ಹತ್ತಿರ ಹೋದ. ನೆಗಡಿ ಇರಬೇಕು, ನಾಳೆ ತೆಗೆದರಾಯಿತು ಅಂದುಕೊಂಡು ವಾಪಸು ಬಂದು ಕೂತ. ಮರುದಿನ ಬೆಳಿಗ್ಗೆ ಕೈ ಎದ್ದಿತು, ಇವನು ಹಲಗೆ ತೆಗೆಯಲಿಲ್ಲ. ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬರತೊಡಗಿದಳು. ಆಗಲೂ ತೆಗೆಯಲಿಲ್ಲ.

ಒಂದು ಬೆಳಿಗ್ಗೆ ಕೊನೇ ಲೇತಿನ ಮುಂದೆ ಬೇರೆ ಯಾರೋ ನಿಂತಿದ್ದರು.

"ಟೀಚರಮ್ಮ ಎಲ್ಲಿ?" ಅಂತ ಸೂಪರ್‌ವೈಸರನ್ನು ಕೇಳಿದ.

"ಎದೆ ಕಟ್ಟಿಬಿಟ್ಟಿದೆಯಂತೆ, ಉಸಿರೇ ಸಿಗ್ತಿಲ್ವಂತೆ. ಡಾಕ್ಟರು ರೆಸ್ಟ್ ಹೇಳಿದಾರೆ. ಅಲ್ಲ, ಗಾಳಿ ಇಷ್ಟು ಚೆನ್ನಾಗಿ ಆದ್ಮೇಲೆ ಕಾಯಿಲೆ ಬಿದ್ರಲ್ಲ, ಏನ್ ಗ್ರಹಚಾರವೋ."

ಸೂಪರ್‌ವೈಸರ್ ಅತ್ತ ಹೋದದ್ದೇ ತಡ, ಮೂಲೆಯಣ್ಣ ಹಿಡಿ ಹಿಡಿದು ಹಲಗೆಯನ್ನು ಪೂರ್ತಿ ಎಳೆದ. ಅದು ಮತ್ತೆ ಒಳಗೆ ಹೋಗದ ಹಾಗೆ ತಂತಿ ಸುತ್ತಿ ಬಿಗಿದ, ಹಲಗೆಗೇ ಕಾಲು ಬಂದು ಒಳಗೆ ಹೋಗುತ್ತದೇನೋ ಅನ್ನುವ ಹಾಗೆ. ಆ ದಿನ ಕಲ್ಲಿಗೆ ಒಡ್ಡಿದ ಶಾಫ್ಟುಗಳಲ್ಲಿ ಒಂದೂ ಅಳತೆಗೆ ಸರಿಯಾಗಿ ಬರಲಿಲ್ಲ. ಅವಳು ಬರದ ದಿನಗಳಲ್ಲಿ ಅವನು ಅನುಭವಿಸಿದ್ದನ್ನು ಬಿಡಿಸಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಖಾಲಿ ಕೋಣೆಯಲ್ಲಿ ಕೂತರೆ ತನ್ನ ಉಸಿರು ಸಲೀಸಾಗಿ ಬಂದು ಹೋಗುವ ಸದ್ದು ಕೇಳುತ್ತಿತ್ತು, ಅದನ್ನು ಕೇಳಿ ನಾಚಿಕೆಯಾಗುತ್ತಿತ್ತು.

ಅವಳು ಬಂದ ದಿನ, ತನ್ನ ಕಡೆಯವರೆಲ್ಲ ಟೀ ಕುಡಿಯಲು ಹೋದ ಮೇಲೆ, ಮೂಲೆಯಣ್ಣ ಮೊಟ್ಟಮೊದಲ ಬಾರಿಗೆ ಆ ತುದಿಗೆ ನಡೆದ. ದಾರಿ ಎಷ್ಟು ಚಿಕ್ಕದಿತ್ತೆಂದರೆ, ಹೇಳಬೇಕಾದ್ದನ್ನು ಜೋಡಿಸಿಕೊಳ್ಳುವುದರೊಳಗೆ ಅವಳ ಎದುರು ನಿಂತಿದ್ದ.

"ತಗಡು ನಾನೇ ಮುಚ್ಚಿದ್ದು," ಅಂದ. ಹಿಂದಿಲ್ಲ, ಮುಂದಿಲ್ಲ.

ಟೀಚರಮ್ಮ ತಲೆ ಎತ್ತಿದಳು. ಮುಖ ಇಳಿದುಹೋಗಿತ್ತು. "ಯಾರ್ರೀ ನೀವು? ಯಾವ ತಗಡು?"

"ಆ ಮೂಲೆ ಗ್ರೈಂಡಿಂಗ್ ನಂದು. ಪೆಟ್ಟಿಗೆ ನೋಡ್ಕೊಳ್ಳೋದೂ ನಾನೇ. ನಿಮ್ಮ ಪೈಪಿನ ತಗಡನ್ನ ಮುಚ್ಚಿಟ್ಟಿದ್ದೆ. ನಿಮ್ಮ ಕೆಮ್ಮು ಅದರಿಂದಾನೇ ಬಂದದ್ದು."

ಅವಳು ಮೆಷಿನ್ ಆಫ್ ಮಾಡಿದಳು. "ಯಾಕೆ? ನಾನು ನಿಮಗೇನು ಮಾಡಿದ್ದೆ?"

"ಏನೂ ಮಾಡಿಲ್ಲ. ನೀವು ದಿನಾ ಬೆಳಿಗ್ಗೆ ದೀಪ ಒರೆಸೋಕೆ ಕೈ ಎತ್ತುತ್ತಿದ್ರಲ್ಲ, ಅದು ನನಗೆ ಅಂದ್ಕೊಂಡಿದ್ದೆ. ನಾನೂ ಎತ್ತುತ್ತಿದ್ದೆ. ಬಹಳ ವರ್ಷದಿಂದ. ಗಾಳಿ ಚೊಕ್ಕ ಆದ್ಮೇಲೆ ದೀಪ ಒರೆಸೋದು ನಿಂತು ಹೋಯ್ತು." ಅವಳ ದೀಪದ ಕಡೆ ಕೈ ತೋರಿಸಿದ. "ಅದಕ್ಕೇ," ಅಂದ.

ಟೀಚರಮ್ಮ ದೀಪ ನೋಡಿದಳು. ಆಮೇಲೆ ಶೆಡ್ಡಿನ ಆ ತುದಿಯ ಮೂಲೆ ನೋಡಿದಳು, ಅದು ಅಲ್ಲಿದೆಯೆಂದು ಈಗ ಗೊತ್ತಾದವಳ ಹಾಗೆ.

"ಅಲ್ಲಿ ಒಂದು ಮೆಷಿನ್ ಇದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ ಕಣ್ರೀ," ಅಂದಳು. "ಆ ಕಡೆ ನೋಡಿದ್ರೆ ಬರೀ ಹೊಗೆ. ಯಾರೋ ಇದಾರೆ ಅಂತ ಅಂದ್ಕೊಂಡೇ ಇರ್ಲಿಲ್ಲ."

ಬಯ್ಗುಳಕ್ಕೆ ಅವನು ಸಿದ್ಧನಾಗಿ ಹೋಗಿದ್ದ. ಈ ಮಾತಿಗೆ ಸಿದ್ಧನಾಗಿರಲಿಲ್ಲ. ಬಯ್ಗುಳ ಆಮೇಲೆ ಬಂತು.

"ನನ್ನ ಎದೆ ಏನು ನಿಮ್ಮ ಆಟದ ಸಾಮಾನಾ? ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದೀನಿ. ನನ್ನ ಮಗಳು ಹೆದರಿ ಅತ್ತಿದಾಳೆ. ಕೈ ಎತ್ತಬೇಕಿತ್ತಂತೆ! ಬಂದು, ನಾನು ಇಂಥೋನು ಅಂತ ಒಂದು ಮಾತು ಹೇಳಿದ್ರೆ ನಾನೇನು ಕಚ್ಚಿಬಿಡ್ತಿದ್ನಾ?"

"ತಪ್ಪಾಯ್ತು."

"ತಪ್ಪಾಯ್ತಂತೆ. ಸೂಪರ್‌ವೈಸರ್‌ಗೆ ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ. ಹೇಳಲ್ಲ, ಹೋಗಿ. ಆದ್ರೆ ನಿಮ್ಮನ್ನ ನಂಬೋದೂ ಇಲ್ಲ. ದಿನಾ ಬೆಳಿಗ್ಗೆ ನಾನೇ ಬಂದು ಆ ತಗಡು ನೋಡ್ಕೊಂಡು ಹೋಗ್ತೀನಿ."

ಹೇಳಿದ ಹಾಗೆಯೇ ಬಂದಳು. ಮರುದಿನ ಬೆಳಿಗ್ಗೆ ಪಾಳಿಗೆ ಮುಂಚೆ ಎರಡೂ ಶೆಡ್ಡು ದಾಟಿ ಮೂಲೆಗೆ ಬಂದು, ಹಲಗೆ ನೋಡಿ, ತಂತಿಯನ್ನು ಜಗ್ಗಿ ನೋಡಿ, ಅವನ ಮುಖ ನೋಡದೆ ಹೋದಳು. ಅದರ ಮರುದಿನವೂ ಹಾಗೇ. ಮೂಲೆಯಣ್ಣ ಪಕ್ಕದಲ್ಲಿ ನಿಂತಿರುತ್ತಿದ್ದ. ತಾನು ನಂಬಿಕೆಗೆ ಯೋಗ್ಯನಲ್ಲ ಅಂತ ದಿನಾ ಒಬ್ಬರು ಬಂದು ತೋರಿಸಿ ಹೋಗುವುದು ಅವಮಾನವೇ ಸರಿ. ಆದರೆ ಏನು ಮಾಡುತ್ತೀರಿ, ಆ ಮೂಲೆಗೆ ಅವನನ್ನೇ ಹುಡುಕಿಕೊಂಡು ಬಂದ ಮೊದಲ ಜೀವ ಅವಳೇ. ಅವಳ ಕೈಗೆ ಜಿಡ್ಡಾಗಬಾರದೆಂದು ಹಿಡಿಯನ್ನು ಮೊದಲೇ ಒರೆಸಿ ಇಡತೊಡಗಿದ. ಆಮೇಲೆ ಸುತ್ತಲ ನೆಲವನ್ನೂ ಒರೆಸಿದ. ಅಲ್ಲಿ ಬಿದ್ದಿದ್ದ ಹಳೇ ಡ್ರಮ್ಮೊಂದು ದಾರಿಗೆ ಅಡ್ಡ ಅಂತ ಅನ್ನಿಸಿ ಅದನ್ನೂ ಎಳೆದು ಹಾಕಿದ.

ಒಂದು ದಿನ ಅವಳು ಹೊರಟವಳು ನಿಂತು, "ಇದೇನ್ರೀ ಮುಳ್ಳು ಇಷ್ಟು ಮೇಲೆ ಹೋಗಿದೆ?" ಅಂದಳು.

"ಫಿಲ್ಟರ್ ಕಟ್ಕೊಂಡಿದೆ. ಇವತ್ತು ಬದಲಾಯಿಸ್ತೀನಿ."

"ಬದಲಾಯಿಸದಿದ್ರೆ?"

"ಎಳೆತ ಕಮ್ಮಿ ಆಗುತ್ತೆ. ಹೊಗೆ ನಿಲ್ಲುತ್ತೆ."

"ಹಾಗಿದ್ರೆ ನಿಂತ್ಕೊಂಡು ನನ್ನ ಮುಖ ಏನು ನೋಡ್ತೀರಿ? ಬದಲಾಯಿಸಿ."

ಅವನು ಬದಲಾಯಿಸಿದ. ಅವತ್ತಿನಿಂದ ಅವಳು ಹಲಗೆ ನೋಡಿ ಮುಳ್ಳನ್ನೂ ನೋಡಿ, ಒಂದೆರಡು ಮಾತಿನ ಗದರಿಕೆ ಹಾಕಿ ಹೋಗುವುದು ವಾಡಿಕೆಯಾಯಿತು. ಒಮ್ಮೆ ಅವನ ಅಂಗಿಯ ಗುಂಡಿ ಕಿತ್ತದ್ದು ನೋಡಿ, "ಮನೇಲಿ ಸೂಜಿ ದಾರ ಇಲ್ವಾ?" ಅಂದಳು. ಟೈಲರ್ ಅಂಗಡಿಯ ಮೇಲೆಯೇ ತನ್ನ ಕೋಣೆ ಅಂತ ಅವನು ಹೇಳಿದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಟ್ಟಳು. ನಗುವಿನ ಕೊನೆಗೆ ಕೆಮ್ಮು ಬರಲಿಲ್ಲ. ಮೂಲೆಯಣ್ಣ ಅದನ್ನು ಗಮನಿಸಿದ.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಬಂದು, ಹಲಗೆಗೆ ಸುತ್ತಿದ್ದ ತಂತಿಯನ್ನು ತಾನೇ ಬಿಚ್ಚಿ ಅವನ ಕೈಗೆ ಕೊಟ್ಟಳು.

"ಇನ್ಮೇಲೆ ಬರಲ್ಲ ಅಣ್ಣಾ," ಅಂದಳು. ಅಲ್ಲಿಯವರೆಗೆ ಅವನನ್ನು ಅಣ್ಣ ಅಂದಿರಲಿಲ್ಲ. "ಎದೆ ಹಗುರ ಆಗಿದೆ. ನೀವು ಇದನ್ನ ಎಷ್ಟು ಚೆನ್ನಾಗಿ ನೋಡ್ಕೋತೀರ ಅಂತಾನೂ ನೋಡಿದೆ. ನೀವಿನ್ನು ಮುಚ್ಚೋರಲ್ಲ. ನನಗೆ ನಂಬಿಕೆ ಬಂತು."

ಅಂಥ ಒಳ್ಳೆಯ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಅಕ್ಕನೂ ಹೇಳಿರಲಿಲ್ಲ. ತಂತಿ ಹಿಡಿದುಕೊಂಡು ತಲೆಯಾಡಿಸಿದ. ಅವಳು ತನ್ನ ಮೆಷಿನ್ನಿನ ಕಡೆ ನಡೆದು ಹೋದಳು. ಬಂದ ನಂಬಿಕೆ ಅವಳನ್ನು ಕರೆದುಕೊಂಡು ಹೋಗಿತ್ತು. ಅವನು ಆ ಸಾಯಂಕಾಲ ಮೆಟ್ಟಿಲು ಹತ್ತಿ, ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಬಾಗಿಲು ತೆಗೆದು, ದೀಪ ಹಾಕದೆ ಕೂತ.

ಮರುದಿನ ಬೆಳಿಗ್ಗೆ ಬೇಗ ಬಂದ. ಯಾರೂ ಬಂದಿರಲಿಲ್ಲ. ಅಭ್ಯಾಸದಂತೆ ಬಟ್ಟೆ ತೆಗೆದುಕೊಂಡು ಕೊನೇ ಲೇತಿನ ಹಲಗೆಯ ಹಿಡಿಯನ್ನು ಒರೆಸಿದ. ಒರೆಸಿದ ಮೇಲೂ ಕೈ ಅದರ ಮೇಲೆಯೇ ಉಳಿಯಿತು. ತಂತಿ ಇರಲಿಲ್ಲ. ಒಂದು ಬೆರಳಗಲ ಒಳಗೆ ತಳ್ಳಿದರೂ ಸಾಕು, ಕಂಡುಹಿಡಿದು ಓಡಿ ಬಂದಾಳು. ಬಯ್ಯುವುದಕ್ಕಾದರೂ ಬಂದಾಳು. ದಿನಾ ಬಂದಾಳು. ಅಲ್ಲಿ ಎಷ್ಟು ಹೊತ್ತು ನಿಂತಿದ್ದನೋ. ಹಿಂಬಾಗಿಲು ತೆರೆದು ಆಚೆಯವರು ಒಬ್ಬೊಬ್ಬರೇ ಒಳಗೆ ಬರತೊಡಗಿದಾಗ ಹಿಡಿಯನ್ನು ಇನ್ನೊಂದು ಸಲ ತನ್ನ ಕಡೆಗೆ ಜಗ್ಗಿ, ಪೂರ್ತಿ ತೆರೆದಿದೆ ಅಂತ ಖಾತ್ರಿ ಮಾಡಿಕೊಂಡು, ಕೈ ತೆಗೆದ.

ತನ್ನ ಮೆಷಿನ್ನಿನ ಮುಂದೆ ಹೋಗಿ ನಿಂತ. ಕೂಲೆಂಟ್ ಬಿಟ್ಟ, ಕಲ್ಲು ತಿರುಗಿಸಿದ. ಎದ್ದ ಮಂಜನ್ನೆಲ್ಲ ಪೈಪು ಅಲ್ಲಿಂದಲೇ ಎಳೆದುಕೊಂಡಿತು. ಎರಡೂ ಶೆಡ್ಡು ಈ ತುದಿಯಿಂದ ಆ ತುದಿಗೆ ನಿಚ್ಚಳವಾಗಿದ್ದವು. ಆಚೆ ಕಿಟಕಿಯ ಬಿಸಿಲಲ್ಲಿ ಟೀಚರಮ್ಮ ಕೂದಲ ಗಂಟು ಬಿಗಿ ಮಾಡಿಕೊಳ್ಳುತ್ತಿದ್ದಳು. ಅವಳ ದೀಪದ ಗಾಜು ಚೊಕ್ಕವಾಗಿತ್ತು, ಒರೆಸುವಂಥದ್ದು ಏನೂ ಇರಲಿಲ್ಲ.

ಮೂಲೆಯಣ್ಣನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ವಯಸ್ಸಿಗೆ, ಅಷ್ಟು ದೂರದಿಂದ, ಅಷ್ಟು ಸಣ್ಣ ಕೆಲಸಕ್ಕೆ! ಅವನು ಕೈ ಎತ್ತಿದ.

ಟೀಚರಮ್ಮ ನೋಡಿದಳು. ಆಮೇಲೆ ಹಿಂತಿರುಗಿ ನೋಡಿದಳು, ಯಾರಿಗೆ ಅಂತ. ಹಿಂದೆ ಗೋಡೆ ಮಾತ್ರ ಇತ್ತು. ಮತ್ತೆ ಈ ಕಡೆ ತಿರುಗಿ, ಕೈ ಎತ್ತಿದಳು. ಕೈಯಲ್ಲಿ ಬಟ್ಟೆ ಇರಲಿಲ್ಲ.